ವಾಲ್ಟರ್ ನಗಬೇಕಾಗಿದ್ದ ಶುಕ್ರವಾರ

೨೦೨೨ರಲ್ಲಿ ನಾನು ಅಮೆರಿಕದ ಅಟ್ಲಾಂಟಾ ಹೊರವಲಯದ ಸುವಾನಿಯಲ್ಲಿ ಚಿತ್ರೀಕರಣವಾಗುತ್ತಿದ್ದ ಒಂದು ಟೀವಿ ವೆಸ್ಟರ್ನ್‌ಗೆ ಮೇಕಪ್ ಕಲಾವಿದೆಯಾಗಿದ್ದೆ. ವೆಸ್ಟರ್ನ್ ಎಂದರೆ ಕುದುರೆ, ಕೋವಿ, ಧೂಳಿನ ಕಥೆ. ವಾರಕ್ಕೆ ನಾಲ್ಕು ಹೆಣವಾದರೂ ಬೀಳಬೇಕು. ಗುಂಡಿನ ಗಾಯ ಬರೆಯುವುದು ನನ್ನ ಪಾಲಿನ ಕೆಲಸ.

ಬೆಂಗಳೂರಿನ ಸೀರಿಯಲ್‌ಗಳಲ್ಲಿ ಹನ್ನೊಂದು ವರ್ಷ ದುಡಿದವಳು ನಾನು. ಅಲ್ಲಿ ಒಂದು ಪದ್ಧತಿಯಿದೆ: ಹೆಣವಾಗಿ ಮಲಗಿದ ನಟ ಎದ್ದ ಕೂಡಲೇ ಕ್ಯಾಮೆರಾ ನೋಡಿ ಒಮ್ಮೆ ನಗಬೇಕು. ಅಪಶಕುನ ಕಳೆಯಿತೆಂದು ಅರ್ಥ. ಸುವಾನಿಗೆ ಬಂದ ಮೇಲೂ ನಾನದನ್ನು ಬಿಡಲಿಲ್ಲ, ಆ ನಗುವಿನ ಫೋಟೋ ನನ್ನ ಫೋನಿನಲ್ಲೇ ತೆಗೆಯುತ್ತಿದ್ದೆ. ನಂಬಿಕೆಯೋ ಏನೋ, ಕೈಗೆ ಅಂಟಿಕೊಂಡಿತ್ತು.

ಆ ಸರಣಿಯಲ್ಲಿ ವಾಲ್ಟರ್ ಎಂಬ ಎಂಬತ್ತಾರರ ನಟರಿದ್ದರು. ಹದಿನಾರಕ್ಕೇ ರೇಡಿಯೋ ವೆಸ್ಟರ್ನ್‌ಗಳಲ್ಲಿ ದನಗಳ್ಳನ ದನಿಯಾದವರು, ಆಮೇಲೆ ಟೀವಿಗೆ ಬಂದರು. ಇಂಥವರನ್ನು ಕ್ಯಾರೆಕ್ಟರ್ ಆ್ಯಕ್ಟರ್ ಎನ್ನುತ್ತಾರೆ: ಮುಖ ಎಲ್ಲರಿಗೂ ಗೊತ್ತು, ಹೆಸರು ಯಾರಿಗೂ ಗೊತ್ತಿಲ್ಲ. ನಕ್ಕರೆ ಖಳನ ಪಾತ್ರ ಕೈತಪ್ಪುತ್ತದೆಂದು ಮನೆಯ ಫೋಟೋಗಳಲ್ಲೂ ನಗುತ್ತಿರಲಿಲ್ಲವಂತೆ.

ಒಂದು ಶುಕ್ರವಾರ ಅವರು ಸಾಯುವ ದೃಶ್ಯ ಮುಗಿಯಿತು. ಎದ್ದು ಕೂತವರೇ, "ನೂರು ಸಲ ಸತ್ತಿದ್ದೀನಿ, ಯಾರೂ ನಗು ಅಂದಿರಲಿಲ್ಲ. ಎಲ್ಲಿದೆಯಮ್ಮಾ ನಿನ್ನ ಫೋನು?" ಎಂದರು. ಮಳೆ ಹನಿಯುತ್ತಿತ್ತು, ಬ್ರಷ್‌ಗಳೆಲ್ಲ ಪೆಟ್ಟಿಗೆ ಸೇರಿದ್ದವು, ವ್ಯಾನ್ ಹಾರ್ನ್ ಹೊಡೆಯುತ್ತಿತ್ತು. ಸೋಮವಾರವೂ ಅವರಿಗೆ ಕೆಲಸವಿತ್ತಲ್ಲ. "ಸೋಮವಾರ ತೆಗೀತೀನಿ," ಎಂದುಬಿಟ್ಟೆ.

ಭಾನುವಾರ ಮಧ್ಯಾಹ್ನ ಷಾರ್ಲೆಟ್ ನಗರದ ತಮ್ಮ ಮನೆಯಲ್ಲಿ ವಾಲ್ಟರ್ ಹೃದಯ ನಿಂತಿತು. ಸಂಜೆ ಅವರ ಮಗಳು ಫೋನ್ ಮಾಡಿದಳು.

"ನೀವು ಎಲ್ಲರದ್ದೂ ನಗೋ ಫೋಟೋ ಇಟ್ಕೋತೀರಂತೆ, ಅಪ್ಪ ಹೇಳಿದ್ರು. ಅವರದ್ದೊಂದು ಕಳಿಸ್ತೀರಾ? ನಮ್ಮ ಹತ್ತಿರ ಒಂದೂ ಇಲ್ಲ."

ಇಲ್ಲವೆಂದೆ. ಹಾಗಾದರೆ ಅಂತಿಮ ದರ್ಶನಕ್ಕೆ ಅಪ್ಪನ ಮುಖಕ್ಕೆ ನೀವೇ ಮೇಕಪ್ ಮಾಡಿಕೊಡಿ ಎಂದು ಕೇಳಿದಳು.

"ನೀನು ಫೋಟೋ ತೆಗ್ದಿದ್ರೆ ಬದುಕ್ತಿದ್ರಾ? ತಲೆಗೆ ಹಚ್ಕೋಬೇಡ ಕಣೇ. ನಾಳೆ ನಾನೇ ಡ್ರೈವ್ ಮಾಡ್ತೀನಿ, ಈಗ ಊಟ ಮಾಡು," ಎಂದರು ನನ್ನ ಗಂಡ. ಮಾಡಿದೆ. ಸಾರಿಗೆ ಉಪ್ಪು ಕಮ್ಮಿ ಅಂತಲೂ ಹೇಳಿದೆ. ತಪ್ಪು ನನ್ನದೇ ಎಂದು ಗೊತ್ತಿತ್ತು, ಆದರೂ ಅಳು ಬರಲಿಲ್ಲ. ಮೂರೂವರೆ ಗಂಟೆಯ ದಾರಿಯಲ್ಲೂ ಬರಲಿಲ್ಲ.

ಶವಾಗಾರದಲ್ಲಿ ಮಲಗಿಸಿದ್ದ ವಾಲ್ಟರ್ ಅವರ ಕೂದಲಂಚಿನಲ್ಲಿ ಶುಕ್ರವಾರದ ನನ್ನ ಕೆಂಪು ಬಣ್ಣ ಚೂರು ಉಳಿದಿತ್ತು. ಒರೆಸಿದೆ. ತುಟಿಯ ತುದಿಗೆ ನೆರಳು ಕೊಟ್ಟು ನಗು ತರಲು ನೋಡಿದೆ. ಅದು ಅವರ ನಗುವೋ ಅಲ್ಲವೋ ನನಗೇನು ಗೊತ್ತು? ಅಳಿಸಿದೆ. ನಲವತ್ತು ನಿಮಿಷಕ್ಕೆ ಕೆಲಸ ಮುಗಿದಾಗ ಕೈ ತಾನಾಗಿ ಫೋನ್ ತೆಗೆಯಿತು.

"ಈಗ ನಗಿ, ವಾಲ್ಟರ್," ಎಂದೆ.

ಫೋನ್ ಎತ್ತಿ ಹಿಡಿದೇ ನಿಂತಿದ್ದೆನಂತೆ. ಮಗಳು ಬಂದು ನನ್ನ ಕೈ ಇಳಿಸಿದಳು.

ಈಗ ವ್ಯಾನ್ ಎಷ್ಟು ಬೇಕಾದರೂ ಹಾರ್ನ್ ಹೊಡೆಯಲಿ. ಸತ್ತವರು ಎದ್ದು ನಕ್ಕ ಮೇಲೆಯೇ ನಾನು ಪೆಟ್ಟಿಗೆ ಮುಚ್ಚುವುದು.