ಪುಣೆಯಿಂದ ತಂದ ಸುಳ್ಳು

ದಸ್ತಗೀರ, ಪುಣೆಯವರು ನಿನ್ನನ್ನು ಬೇಡ ಅಂದಿರಲಿಲ್ಲ. ಕರೆದಿದ್ದರು. ನಾನು ಹೇಳಿದ್ದು ಸುಳ್ಳು.

ಇದೊಂದು ಮಾತನ್ನು ಇಷ್ಟು ವರ್ಷ ಬಾಯಲ್ಲಿಟ್ಟುಕೊಂಡೇ ನಿನ್ನ ಜೊತೆ ಚಹಾ ಕುಡಿದಿದ್ದೇನೆ, ನಿನ್ನ ಮನೆಯ ಹಬ್ಬದೂಟ ಉಂಡಿದ್ದೇನೆ. ಹೇಳಬೇಕೆಂದು ಹೊರಟಾಗಲೆಲ್ಲ — ಇರಲಿ, ಮೊದಲಿನಿಂದ ಹೇಳುತ್ತೇನೆ.

ಊರಿಗೆ ಮೊಬೈಲ್ ಬಂದಿತ್ತು, ಅದರಲ್ಲಿ ಕ್ಯಾಮೆರಾ ಇನ್ನೂ ಬಂದಿರಲಿಲ್ಲ. ಮುಂಬೈಯಲ್ಲಿದ್ದ ನಮ್ಮ ಭಾವ ನನಗೊಂದು ಪುಟ್ಟ ಡಿಜಿಟಲ್ ಕ್ಯಾಮೆರಾ ತಂದುಕೊಟ್ಟಿದ್ದರು. ಫೋಟೋ ತೆಗೆಯುವ ಕ್ಯಾಮೆರಾ ಅದು, ಆದರೆ ಒಂದು ಗುಂಡಿ ತಿರುಗಿಸಿದರೆ ಸ್ವಲ್ಪ ಹೊತ್ತು ವಿಡಿಯೋನೂ ಹಿಡಿಯುತ್ತಿತ್ತು. ಯರಗಟ್ಟಿಯಲ್ಲಿ ನಮ್ಮಪ್ಪನ ಗೊಬ್ಬರದ ಅಂಗಡಿ, ಅಂಗಡಿಯ ಮುಂದೆ ನಮ್ಮ ಹಳೆಯ ಮಾರುತಿ ಕಾರು. ನೀನು ಸವದತ್ತಿಗೆ ಜೀಪಿನಲ್ಲಿ ಮಂದಿ ಸಾಗಿಸುತ್ತಿದ್ದೆ. ಸಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು ನಾವು.

ಆ ಬೇಸಿಗೆಯಲ್ಲಿ ಮಲಪ್ರಭೆಯ ಹಿನ್ನೀರು ಬಹಳ ದೂರ ಇಳಿದಿತ್ತು. ಒಣಗಿ ಗಟ್ಟಿಯಾದ ಆ ಮಣ್ಣಿನ ಮೇಲೆ ಸುಣ್ಣದ ಗೆರೆ ಹಾಕಿ, ತಿರುವಿಗೊಂದೊಂದು ಮಣ್ಣು ತುಂಬಿದ ಚೀಲ ಇಟ್ಟು, ರವಿವಾರಕ್ಕೊಮ್ಮೆ ಕಾರು ಓಡಿಸತೊಡಗಿದೆವು. ಬೈಲಹೊಂಗಲದಿಂದಲೂ ಹುಡುಗರು ಬರುತ್ತಿದ್ದರು. ಸೈಕಲ್ ಟ್ಯೂಬಿನ ಪಟ್ಟಿಗಳಿಂದ ಕ್ಯಾಮೆರಾವನ್ನು ಗಾಜಿನ ಹಿಂದೆ ಬಿಗಿಯಾಗಿ ಕಟ್ಟುವ ಉಪಾಯ ನಿನ್ನದೇ. ವಿಡಿಯೋದಲ್ಲಿ ದಾರಿ ಕಾಣುತ್ತಿತ್ತು, ಬಾನೆಟ್ಟು ಕಾಣುತ್ತಿತ್ತು. ಓಡಿಸುವವನ ಮುಖ ಕಾಣುತ್ತಿರಲಿಲ್ಲ.

ಅಂಗಡಿಯ ಕಂಪ್ಯೂಟರಿನಲ್ಲಿ ಇಬ್ಬರ ವಿಡಿಯೋವನ್ನೂ ಹಾಕಿದ ದಿನ ನೆನಪಿದೆಯೇ? ನನ್ನದರಲ್ಲಿ ಭೂಮಿ ಆಕಾಶ ಎರಡೂ ಕುಣಿಯುತ್ತಿದ್ದವು. ಪ್ರತಿ ತಿರುವಿನಲ್ಲಿ ಕಾರು ಗೆರೆ ದಾಟಿ ಆಚೆ ಹೋಗಿ, ಬೈಸಿಕೊಂಡವರಂತೆ ಒಳಗೆ ಬರುತ್ತಿತ್ತು. ನಿನ್ನದರಲ್ಲಿ ಸುಣ್ಣದ ಗೆರೆ ಬಾನೆಟ್ಟಿನ ಮೂಲೆಗೆ ಹತ್ತಿಕೊಂಡೇ ತಿರುಗಿತು — ಅವಸರವೇ ಇಲ್ಲ, ಆದರೂ ನನಗಿಂತ ಬಲು ಬೇಗ ಮುಗಿಯಿತು. ಯಾರನ್ನೂ ಹೊಗಳದ ನಮ್ಮಪ್ಪ ರಸೀದಿ ಬರೆಯುವುದನ್ನು ಬಿಟ್ಟು ನೋಡಿದರು.

"ಅಂವ ಹೊಡದ್ರ ಗಾಡಿ ಸುಮ್ಮನ ಹೊಕ್ಕೇತಿ. ನೀ ಹೊಡದ್ರ ಒದರ್ತೇತಿ ನೋಡು," ಅಂದರು ನನಗೆ.

ನೀನು ನಕ್ಕು ತಲೆ ತಗ್ಗಿಸಿದೆ. ನಾನೂ ನಕ್ಕೆ. ಕಾರು ನನ್ನದು, ಕ್ಯಾಮೆರಾ ನನ್ನದು, ಅಪ್ಪ ನನ್ನವರು — ಹೊಗಳಿಕೆ ಮಾತ್ರ ನಿನ್ನದು. ಅಂದಿನಿಂದ ನಿನ್ನನ್ನು ನೋಡುವ ನನ್ನ ಕಣ್ಣೇ ಬೇರೆಯಾಯಿತು. ನೀನು ಗೇರು ಹಾಕುವಾಗ ಎಲ್ಲಿ ತಪ್ಪುತ್ತೀಯೋ ಎಂದು ಕಾಯುತ್ತಿದ್ದೆ. ಒಂದು ರವಿವಾರ ನಿನ್ನ ಚಕ್ರ ಮಣ್ಣಿನ ಚೀಲಕ್ಕೆ ತಗುಲಿದಾಗ ಒಳಗೊಳಗೇ ಎಷ್ಟು ಹಿಗ್ಗಿದೆ — ಅದನ್ನು ಬರೆಯಲು ಈಗಲೂ ನಾಚಿಕೆ.

ಆಗಲೇ ಭಾವನ ಫೋನು ಬಂತು. ಪುಣೆಯಲ್ಲಿ ರೇಸಿನ ಕಾರು ತಯಾರು ಮಾಡುವ ಒಬ್ಬರಿದ್ದಾರೆ, ಹೊಸ ಹುಡುಗರನ್ನು ಹುಡುಕುತ್ತಿದ್ದಾರೆ, ಚಲೋ ಓಡಿಸಿದ ವಿಡಿಯೋ ಇದ್ದರೆ ತಂದು ತೋರಿಸು ಎಂದರು. ನಿನಗೆ ಜೀಪು ಬಿಟ್ಟು ಬರಲು ಆಗುವಂತಿರಲಿಲ್ಲ. ಬಸ್ಸು ಹತ್ತಿಸಲು ಬಂದವನು ಕಿಟಕಿಯ ಸರಳು ಹಿಡಿದು ಕೇಳಿದೆ:

"ಮಾಂತ್ಯಾ, ನಂದೂ ಒಂದೀಟ ತೋರಸು. ಒಲ್ಲೆ ಅಂದ್ರ ಒಲ್ಲೆ ಅನ್ಲಿ."

ತೋರಿಸಿದೆ ದಸ್ತಗೀರ. ನಿನ್ನದನ್ನೇ ತೋರಿಸಿದೆ. ಆದರೆ ಓಡಿಸಿದವನು ನಾನು ಅಂದೆ.

ಬಸ್ಸಿನಲ್ಲಿ ಹಾಗೇನೂ ಯೋಚಿಸಿರಲಿಲ್ಲ ಎಂದು ಬರೆಯಬಹುದಿತ್ತು. ಆದರೆ ಯೋಚಿಸಿದ್ದೆ. ಕೊಲ್ಹಾಪುರ ದಾಟುವುದರೊಳಗೆ ನನ್ನ ವಿಡಿಯೋಗಳನ್ನೆಲ್ಲ ಅಳಿಸಿ, ನಿನ್ನದೊಂದನ್ನೇ ಉಳಿಸಿಕೊಂಡಿದ್ದೆ. ಮುಖ ಕಾಣುವುದಿಲ್ಲವಲ್ಲ.

ಆ ಮನುಷ್ಯ ವಯಸ್ಸಾದವರು, ಮಾತು ಕಡಿಮೆ. ಕ್ಯಾಮೆರಾದ ಪುಟ್ಟ ತೆರೆಯನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದರು. ಮತ್ತೊಮ್ಮೆ ನೋಡಿದರು. ಮರುದಿನ ಊರಾಚೆಯ ಮೈದಾನಕ್ಕೆ ಕರೆದೊಯ್ದು ತಮ್ಮ ಕಾರಿನ ಕೀಲಿ ಕೈಗಿಟ್ಟರು. ಎರಡನೆಯ ತಿರುವಿನಲ್ಲೇ ಕಾರು ಕೈಬಿಟ್ಟು ಜಾರಿ, ಅಡ್ಡಕ್ಕೆ ಒಟ್ಟಿದ್ದ ಟಾಯರುಗಳಿಗೆ ಹೋಗಿ ಬಡಿಯಿತು. ಅವರು ಬೈಯಲಿಲ್ಲ. ನಾನು ಇಳಿಯುವವರೆಗೂ ಕಾದು, ಮರಾಠಿಯಲ್ಲಿ ನಿಧಾನವಾಗಿ ಹೇಳಿದ್ದು ಇಷ್ಟು — ಆ ವಿಡಿಯೋದಲ್ಲಿ ಓಡಿಸಿದವನು ನೀನಲ್ಲ. ಅವನನ್ನು ಕರೆದುಕೊಂಡು ಬಾ. ಇಲ್ಲೇ ಇಟ್ಟುಕೊಂಡು ಕಲಿಸುತ್ತೇನೆ.

ಹೂಂ ಅಂದೆ. ಅಲ್ಲಿಯವರೆಗಿನದು ಕಳ್ಳತನ, ಅದಕ್ಕಿನ್ನೂ ಮದ್ದಿತ್ತು. ಸಿಕ್ಕಿಬಿದ್ದಿದ್ದೆ, ಅವಮಾನವನ್ನೂ ಉಂಡಿದ್ದೆ. ಊರಿಗೆ ಬಂದು 'ಹೋಗು, ನಿನ್ನನ್ನು ಕರೆದಿದ್ದಾರೆ' ಅಂದಿದ್ದರೆ ಮುಗಿಯುತ್ತಿತ್ತು. ಅಷ್ಟು ದೂರದ ದಾರಿಯುದ್ದಕ್ಕೂ ಆ ಮಾತನ್ನು ಮನಸ್ಸಿನಲ್ಲಿ ಹೇಳಿಕೊಳ್ಳುತ್ತಲೇ ಬಂದೆ. ಯರಗಟ್ಟಿ ಬಸ್‌ಸ್ಟ್ಯಾಂಡಿನಲ್ಲಿ ಜೀಪಿಗೆ ಒರಗಿ ನಿಂತ ನಿನ್ನನ್ನು ಕಂಡೆ. ಹೇಳಿದರೆ ನೀನು ಹೋಗುತ್ತೀ, ಹೋದರೆ ಗೆಲ್ಲುತ್ತೀ — ಅದೊಂದೇ ಕಾಣಿಸಿತು.

"ಏನಂದ್ರಪಾ?" ಎಂದೆ ನೀನು.

"ಒಲ್ಲೆ ಅಂದ್ರು. ನಮ್ಮ ಕಡೀ ಹುಡುಗ್ರು ಬ್ಯಾಡಂತ."

ನೀನು ನನ್ನ ಚೀಲ ಇಸಕೊಂಡು, 'ನಿನಗೂ ಆಗಲಿಲ್ಲವೇ' ಎಂದು ಕೇಳಿ, ಬೇಜಾರಾಗಬೇಡ ಎಂದು ಬೆನ್ನು ತಟ್ಟಿದೆ. ಸಮಾಧಾನ ಮಾಡಿದವನು ನೀನು. ಮಾಡಿಸಿಕೊಂಡವನು ನಾನು.

ಪುಣೆಯವರು ಭಾವನ ಮೂಲಕ ಮತ್ತೊಮ್ಮೆ ನಿನ್ನ ಬಗ್ಗೆ ಕೇಳಿಸಿದರು. ಆ ಹುಡುಗ ದುಬೈಗೆ ಹೋದ ಎಂದೆ. ಮಳೆಗಾಲದಲ್ಲಿ ನಮ್ಮ ಗೆರೆಗಳ ಮೇಲೆಲ್ಲ ನೀರು ನಿಂತಿತು. ಮರುವರ್ಷ ನೀರು ಇಳಿದಾಗ ನೀನು ಕಾರು ಕೇಳಲು ಬಂದೆ, ನಾನು ಕೊಡಲಿಲ್ಲ, ಎಂಜಿನ್ ಕೆಲಸ ಬಂದಿದೆ ಎಂದು ಹೇಳಿದೆ. ಅದಕ್ಕೂ ಮೊದಲೇ ನಿನ್ನ ವಿಡಿಯೋವನ್ನೂ ಕ್ಯಾಮೆರಾದಿಂದ, ಅಂಗಡಿಯ ಕಂಪ್ಯೂಟರಿನಿಂದ ಅಳಿಸಿಬಿಟ್ಟಿದ್ದೆ. ನೀನು ಹಾಗೆ ಓಡಿಸಿದ್ದೆ ಎನ್ನಲು ಈಗ ಎಲ್ಲೂ ಸಾಕ್ಷಿಯಿಲ್ಲ. ನಾನೊಬ್ಬನೇ.

ಹೋದ ತಿಂಗಳು, ಈಗ ನೀನಿರುವ ಮುರಗೋಡದಲ್ಲಿ, ನಿನ್ನ ಮಗಳ ಮದುವೆ. ಬೀಗರ ನಡುವೆ ನನ್ನನ್ನು ಕೂರಿಸಿ, ಹೆಗಲ ಮೇಲೆ ಕೈಯಿಟ್ಟು ಹೇಳಿದೆ:

"ಇಂವ ನನ್ನ ಸಲುವಾಗಿ ಪುಣೇತನಕ ಹೋಗಿ ಬಂದಾಂವರಿ. ಆಗ್ಲಿಲ್ಲ, ಅದು ಬ್ಯಾರೆ ಮಾತು. ಇಷ್ಟ ಯಾರು ಮಾಡ್ತಾರ ಹೇಳ್ರಿ?"

ಅವರೆಲ್ಲ ನನ್ನನ್ನು ಅಭಿಮಾನದಿಂದ ನೋಡಿದರು. ಆಗಲೂ ನನಗೇನಾಯಿತು ಗೊತ್ತೇ? ಎಲ್ಲರೂ ನಿನ್ನ ಸುತ್ತ ನಗುತ್ತಿದ್ದರಲ್ಲ, ಇಷ್ಟು ಕಳೆದುಕೊಂಡೂ ಇವನು ಹೀಗೆ ನಗುತ್ತಾನಲ್ಲ ಎಂದು ಹೊಟ್ಟೆ ಉರಿಯಿತು. ನಿನ್ನಿಂದ ಕಸಿದುಕೊಂಡ ಮೇಲೂ ಆರದ ಉರಿ ಅದು.

ನೀನು ದೊಡ್ಡ ರೇಸುಗಾರ ಆಗುತ್ತಿದ್ದೆಯೋ ಇಲ್ಲವೋ ನನಗೆ ತಿಳಿಯದು. ತಿಳಿದುಕೊಳ್ಳುವ ದಾರಿ ನಿನಗಿತ್ತು, ಅದನ್ನು ನಾನು ಮುಚ್ಚಿದೆ. ಈಗ ನೀನು ಸಾಲೆಯ ವ್ಯಾನು ಓಡಿಸಿಕೊಂಡು ಸುಖವಾಗಿದ್ದೀಯ ಎಂದು ನನಗೆ ನಾನೇ ಹೇಳಿಕೊಳ್ಳುವುದುಂಟು. ಆ ಮಾತು ಹೇಳುವ ಹಕ್ಕು ನನ್ನದಲ್ಲ.

ನಾಳೆ ಮುರಗೋಡಕ್ಕೆ ಬರುತ್ತಿದ್ದೇನೆ. ಈ ಕಾಗದವನ್ನು ನಿನ್ನ ಕೈಗಿಟ್ಟು ಹಿಂದಿರುಗುವುದಿಲ್ಲ, ನನ್ನ ಬಾಯಿಂದಲೇ ಹೇಳುತ್ತೇನೆ. ಆಮೇಲೆ, ಬೀಗರ ಮುಂದೆ ಹೇಳಿದ ಆ ಮಾತನ್ನು ನೀನು ಹಿಂದಕ್ಕೆ ತೆಗೆದುಕೊಳ್ಳಬೇಕು. ಅವರ ಮನೆಗೆ ಹೋಗಿ ನಾನೇ ಹೇಳಬೇಕೆಂದು ನೀನು ಅಂದರೆ, ನಾನೇ ಹೋಗಿ ಹೇಳುತ್ತೇನೆ.