ಹಡಗಿನಲ್ಲಿ ಏನಿತ್ತು?

ಶುಕ್ರವಾರ ಮಧ್ಯಾಹ್ನ ಊಟಕ್ಕೆ ಕೂತಿದ್ದೆ. ಫೋನಿನ ಮ್ಯಾಪಿನಿಂದ ನನ್ನ ಗಂಡ ಮಾಯವಾದರು.

ಶ್ರೀಧರ್ ಸರಕು ಹಡಗಿನಲ್ಲಿ ಸೆಕೆಂಡ್ ಎಂಜಿನಿಯರ್. ಗುಜರಾತಿನಿಂದ ನಾವಿರುವ ಕುವೈತಿಗೆ ಬರುತ್ತಿದ್ದರು. ಹಡಗುಗಳನ್ನು ತೋರಿಸುವ ಆ್ಯಪಿನಲ್ಲಿ ಅವರದ್ದೊಂದು ಹಸಿರು ಬಾಣ. (ಬ್ಯಾಂಕಿನ ಮೀಟಿಂಗಿನಲ್ಲೂ ನಾನು ಕದ್ದು ನೋಡುವುದು ಅದನ್ನೇ.) ಹಾರ್ಮುಜ್ ಜಲಸಂಧಿಯ ಬಾಯಿಗೆ ಬಂದಿದ್ದ ಬಾಣ, ಅನ್ನಕ್ಕೆ ಸಾರು ಹಾಕಿಕೊಳ್ಳುವಷ್ಟರಲ್ಲಿ ಇಲ್ಲ! ಅಲ್ಲಿ ಹಡಗುಗಳ ಮೇಲೆ ದಾಳಿಯಾಗುತ್ತಿದೆ ಎಂಬ ಸುದ್ದಿ ದಿನಾ ಬರುತ್ತಿತ್ತು. ಫೋನ್ ಮಾಡಿದೆ. ರಿಂಗೇ ಆಗಲಿಲ್ಲ.

ಎದುರಿಗೆ ಎಂಟನೇ ಕ್ಲಾಸಿನ ಮಗಳು ಅನಘ ಪರೀಕ್ಷೆಗೆ ಉರು ಹೊಡೆಯುತ್ತಿದ್ದಳು. ಪೂರ್ವ, ಪಶ್ಚಿಮದ ಪ್ರಾಚೀನ ವ್ಯಾಪಾರ ಮಾರ್ಗಗಳು ಜಗತ್ತಿನ ಇತಿಹಾಸವನ್ನು ಹೇಗೆ ರೂಪಿಸಿದವು? ಐದು ಅಂಕ. "ಪೆಪ್ಪರ್, ಸಿಲ್ಕ್, ಪರ್ಲ್ಸ್, ಹಾರ್ಸಸ್..." ವಿಜಯನಗರಕ್ಕೆ ಕುದುರೆಗಳು ಬಂದದ್ದು ಇದೇ ಹಾರ್ಮುಜಿನ ದಾರಿಯಲ್ಲಿ ಎಂದು ಹಿಂದಿನ ದಿನ ನಾನೇ ಜಂಬದಿಂದ ಹೇಳಿಕೊಟ್ಟಿದ್ದೆ.

ಹೆದರಿಕೆಯಲ್ಲಿ ಒಂದು ಎಡವಟ್ಟು ಮಾಡಿದೆ. ಇಲ್ಲಿನ ಕನ್ನಡಿಗರ ವಾಟ್ಸಾಪ್ ಗ್ರೂಪಿನಲ್ಲಿ ಬರೆದೆ: "ಹಾರ್ಮುಜ್ ಹತ್ರ ಶ್ರೀಧರ್ ಹಡಗು ಕಾಣ್ತಿಲ್ಲ. ಯಾರಿಗಾದ್ರೂ ಏನಾದ್ರೂ ಗೊತ್ತಾ?"

ಮೊದಲ ಉತ್ತರ ತಕ್ಷಣ ಬಂತು. "ಅಯ್ಯೋ, ಹಡಗಲ್ಲಿ ಏನಿತ್ತು?"

"ಅಕ್ಕಿ," ಎಂದೆ. (ಪೆದ್ದಿ ನಾನು.)

ಗ್ರೂಪಿಗೆ ಜೀವ ಬಂತು. ಸೋನಾ ಮಸೂರಿನಾ? ಕುಚ್ಚಲಕ್ಕೀನೂ ಬರಲ್ವಾ? ಬೇಳೆ ಕತೆ ಏನು? ಹಡಗಿನಲ್ಲಿರುವ ಮನುಷ್ಯರ ಬಗ್ಗೆ ಒಬ್ಬರೂ ಕೇಳಲಿಲ್ಲ.

ಹವಲ್ಲಿ ಬಡಾವಣೆಯ ನಮ್ಮ ಕಟ್ಟಡದ ಕೆಳಗೆ ಉಳ್ಳಾಲದ ಹಮೀದ್ ಭಾಯಿಯ ದಿನಸಿ ಅಂಗಡಿ. ಬಂದರಿನವರ ಪರಿಚಯ ಅವರಿಗಿದೆ ಎಂದು ಓಡಿದೆ. ಅಲ್ಲಿ ಗ್ರೂಪಿನ ಮೂರು ಕುಟುಂಬಗಳು ಅಕ್ಕಿ ಮೂಟೆ ಹೊರುತ್ತಿದ್ದವು. "ಬೇಗ ತಗೊಳ್ರೀ, ಖಾಲಿ ಆಗ್ತಿದೆ!" ಎಂದು ಒಬ್ಬರು ನನ್ನನ್ನೇ ಕರೆದರು.

"ಎಂತ ಅಕ್ಕ, ನಿಮಗೂ ಅಕ್ಕಿಯಾ?" ಎಂದರು ಹಮೀದ್. ನಾನು ಅಳುತ್ತಾ ವಿಷಯ ಹೇಳಿದೆ. ಅವರು ಕೈಯಲ್ಲಿದ್ದ ಮೂಟೆ ಕೆಳಗಿಟ್ಟರು.

"ಅದರಲ್ಲಿ ಎಷ್ಟು ಜನ ಇದ್ದಾರೆ?"

"ಇಪ್ಪತ್ತೆರಡು."

"ಗಲಾಟೆ ಉಂಟಲ್ಲ, ಅಂಥ ಕಡೆ ಅವರೇ ಸಿಗ್ನಲ್ ಆಫ್ ಮಾಡುದು ಅಕ್ಕ. ಯಾರಿಗೂ ಕಾಣಬಾರದಲ್ಲ. ಸ್ವಲ್ಪ ಕಾಯಿರಿ."

"ಎಷ್ಟು ಹೊತ್ತು?"

ಅವರು ಬಂದರಿನ ಪರಿಚಯದವರಿಗೆ ಫೋನ್ ಮಾಡಿ ಕೇಳಿದರು; ಅಲ್ಲೂ ಸುದ್ದಿ ಬಂದಿರಲಿಲ್ಲ. ಮನೆಗೆ ಬಂದು ಮಗಳ ಪುಸ್ತಕ ತಿರುವಿ ಹಾಕಿದೆ. ಕರಿಮೆಣಸಿಗೆ ಒಂದು ಪುಟ, ರೇಷ್ಮೆಗೆ ಒಂದು ಪುಟ. ಅವನ್ನು ಹೊತ್ತು ತಂದವರಿಗೆ? ಒಂದು ಸಾಲೂ ಇಲ್ಲ. ನನಗೆ ಸಿಟ್ಟು ಬಂತು. ಸಿಟ್ಟಿಗಿಂತ ಹೆಚ್ಚು ಭಯವಾಯಿತು.

ಶನಿವಾರ ಬೆಳಗ್ಗೆ ಫೋನ್ ಬಂತು. "ದಾಟಿದ್ವಿ ಕಣೇ. ನಾಡಿದ್ದು ಶುವೈಖ್ ಬಂದರು." ನಾನು ಬೈದೆ, ಅತ್ತೆ, ಮತ್ತೆ ಬೈದೆ. ಅನಘ ಫೋನ್ ಕಿತ್ತುಕೊಂಡಳು. "ಅಪ್ಪಾ, ವರ್ ಯು ಸ್ಕೇರ್ಡ್?"

"ಹೂಂ ಪುಟ್ಟಿ. ತುಂಬಾ."

ಮದುವೆಯಾಗಿ ಹದಿನಾರು ವರ್ಷ. ಅವರ ಬಾಯಲ್ಲಿ ಈ ಮಾತು ಕೇಳಿದ್ದು ಇದೇ ಮೊದಲು.

ಅಕ್ಕಿ ಇಳಿಸಲು ಮೂರು ದಿನ ಸಾಕಂತೆ. ಆಮೇಲೆ ವಾಪಸ್ ಹೊರಡಬೇಕು.

ಈ ಕೊಲ್ಲಿಯಿಂದ ಹೊರಗೆ ಹೋಗಲು ಹಾರ್ಮುಜ್ ಬಿಟ್ಟರೆ ಬೇರೆ ದಾರಿ ಯಾವುದಿದೆ ಹೇಳಿ?