ಎರಡನೆಯ ಗುಂಡಿ

ಐರ್ಲೆಂಡಿನ ವಾಟರ್‌ಫರ್ಡ್ ಬಸ್ ನಿಲ್ದಾಣ. ಅಕ್ಕನ ಮಗಳು ಸಿಂಚನಾಳ ಪದವಿ ಸಮಾರಂಭ ಮುಗಿಸಿಕೊಂಡು ಡಬ್ಲಿನ್ ಬಸ್ಸಿಗೆ ಕಾಯುತ್ತಿದ್ದೇವೆ. ಬೀಳ್ಕೊಡಲು ಅವಳ ಸಹಪಾಠಿ, ಜಪಾನಿನ ಕೆಂಜಿ ಬಂದಿದ್ದಾನೆ. ಒಂದೇ ಇಯರ್‌ಫೋನನ್ನು ಇಬ್ಬರೂ ಒಂದೊಂದು ಕಿವಿಗೆ ಸಿಕ್ಕಿಸಿಕೊಂಡಿದ್ದಾರೆ. ಇವಳ ಕಣ್ಣಲ್ಲಿ ನೀರು.

"ಯಾವ ಹಾಡೇ ಅದು?" ಎಂದೆ.

"ಜಪಾನೀ ಪಾಪ್, ಚಿಕ್ಕಮ್ಮ. ಹಳೇದು. ಅಲ್ಲಿ ಸ್ಕೂಲ್ ಮುಗಿಯೋ ಸೀಸನ್‌ನಲ್ಲಿ ಎಲ್ರೂ ಇದನ್ನ ಕೇಳಿ ಅಳ್ತಾರಂತೆ."

ಅಲ್ಲಿ ಓದದವಳು, ಆ ಭಾಷೆ ಬಾರದವಳು ಇಲ್ಲೇಕೆ ಅಳಬೇಕು? ನನಗೆ ಹಾಡಿನ ಮೇಲೆಯೇ ಗುಮಾನಿ ಬಂತು. ಹುಡುಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದೆ. ಇಸ್ತ್ರಿ ಮಾಡಿದ ಕೋಟು, ಹೊಳೆಯುವ ಬೂಟು. ಆದರೆ ಕೋಟಿನಲ್ಲಿ ಮೇಲಿನಿಂದ ಎರಡನೆಯ ಗುಂಡಿ ಇಲ್ಲ. ಇಷ್ಟು ಅಚ್ಚುಕಟ್ಟಿನವನಿಗೆ ಅದೊಂದು ಕಾಣಲಿಲ್ಲವೇ? ಅನುಮಾನ ಏನೇ ಇರಲಿ, ಆ ಚಳಿಗಾಳಿಯಲ್ಲಿ ನೋಡುತ್ತ ನಿಲ್ಲಲಾಗದೆ ಬಳೆಗೆ ಸಿಕ್ಕಿಸಿದ್ದ ಸೇಫ್ಟಿ ಪಿನ್ನು ಬಿಚ್ಚಿ ಅವನತ್ತ ಚಾಚಿದೆ. ಅವನ ಮುಖ ಕೆಂಪಾಯಿತು.

"ನೋ ನೋ ಆಂಟಿ, ಐ ಆಮ್ ಗ್ರ್ಯಾಂಡ್" ಎಂದು ಐರಿಶ್ ಧಾಟಿಯಲ್ಲೇ 'ಪರವಾಗಿಲ್ಲ' ಹೇಳಿ ಎರಡು ಹೆಜ್ಜೆ ಹಿಂದೆ ಸರಿದ.

"ಬಿಡಿ ಚಿಕ್ಕಮ್ಮ" ಎಂದಳು ಸಿಂಚನಾ. "ಅವರಲ್ಲಿ ಓದು ಮುಗಿದ ದಿನ ಹುಡುಗ್ರು ಎರಡನೇ ಗುಂಡಿ ಕಿತ್ತು ಕೊಡ್ತಾರೆ. ಅದು ಎದೆಗೆ ಹತ್ರ ಇರತ್ತಲ್ಲ. ಈ ಹಾಡಲ್ಲೂ ಅದೇ ಇದೆ."

"ಯಾರಿಗೆ ಕೊಡ್ತಾರೆ?"

ಅವಳು ಬಸ್ ಬರುವ ದಿಕ್ಕಿಗೆ ಮುಖ ತಿರುಗಿಸಿದಳು. ಇಷ್ಟು ಹೊತ್ತೂ ಬಿಡಿಸದ ಅವಳ ಎಡಗೈ ಮುಷ್ಟಿ ನನ್ನ ಕಣ್ಣಿಗೆ ಬಿದ್ದದ್ದು ಆಗಲೇ.

ಪಿನ್ನನ್ನು ಅವಳ ಮುಂದೆ ಹಿಡಿದೆ.

"ಇದಕ್ಕೆ ಪೋಣಿಸ್ಕೋ, ಕಳ್ಕೊಂಡೀಯ. ನಿಮ್ಮಮ್ಮ ಕೇಳಿದ್ರೆ ನಾನು ನೋಡೇ ಇಲ್ಲ."